ಮೊಣಕೈ ಊರುಗೋಲು: ನಾಲ್ಕು ಮಳೆಗಾಲದ ಬಳಕೆಯ ನಂತರ

2021ರ ಅಕ್ಟೋಬರಿನಲ್ಲಿ ನನ್ನ ಎಡತೊಡೆಯ ಮೂಳೆ ಸೊಂಟದ ಬಳಿ ಮುರಿಯಿತು. ಶಸ್ತ್ರಚಿಕಿತ್ಸೆಯ ನಂತರವೂ ಆ ಕಾಲಿಗೆ ಪೂರ್ತಿ ಬಲ ಮರಳದ ಕಾರಣ, ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಅಡಕೆ ತೋಟದ ಮನೆಯಲ್ಲಿ ಅಂದಿನಿಂದಲೂ ಊರುಗೋಲಿನ ಆಧಾರದಲ್ಲೇ ನಡೆಯುತ್ತಿದ್ದೇನೆ. ಮೊದಲು ಕಂಕುಳಿಗೆ ಕೊಡುವ ಮರದ ಜೋಡಿಯಿತ್ತು. ದಣಿದಾಗಲೆಲ್ಲ ಅದರ ಮೇಲೆ ಮೈಭಾರ ಬಿಟ್ಟು ನಿಲ್ಲುವ ರೂಢಿಯಾಗಿ ಕೈ ಜೋಮು ಹಿಡಿಯತೊಡಗಿತು. ಮಂಗಳೂರಿನಲ್ಲಿ ವ್ಯಾಯಾಮ ಕಲಿಸುತ್ತಿದ್ದ ಫಿಸಿಯೋಥೆರಪಿಸ್ಟ್, "ಮಾಷ್ಟ್ರೇ, ಭಾರ ಅಂಗೈಗೆ ಬರಬೇಕು, ಕಂಕುಳಿಗಲ್ಲ; ಅಲ್ಲಿ ನರಗಳಿವೆ" ಎಂದು ಹೇಳಿ, ಮುಂಗೈಗೆ ಸಿಕ್ಕಿಸಿಕೊಂಡು ಅಂಗೈಯಲ್ಲಿ ಹಿಡಿಯುವ ಮೊಣಕೈ ಊರುಗೋಲು ಕೊಳ್ಳಿಸಿದರು. ಅಂಗಡಿಯಲ್ಲಿ ಇದನ್ನು ಎಲ್ಬೋ ಕ್ರಚ್ ಎಂದೇ ಕೇಳಬೇಕು.

ಕೊಳ್ಳುವಾಗ ನಾನು ಮಾಡಿದ ತಪ್ಪು ಅಳತೆಯದು. ಚಪ್ಪಲಿ ಕಳಚಿಟ್ಟು ಅಳತೆ ಕೊಟ್ಟೆ. ಹೊರಗೆ ನಡೆಯುವುದೆಲ್ಲ ಚಪ್ಪಲಿ ಹಾಕಿಕೊಂಡು. ನೆಟ್ಟಗೆ ನಿಂತು ಕೈಗಳನ್ನು ಸಡಿಲವಾಗಿ ಇಳಿಬಿಟ್ಟಾಗ ಹಿಡಿಕೆಯು ಮಣಿಕಟ್ಟಿನ ಮಟ್ಟಕ್ಕೆ ಬರಬೇಕು, ಹಿಡಿದಾಗ ಮೊಣಕೈ 15ರಿಂದ 30 ಡಿಗ್ರಿಯಷ್ಟು ಬಾಗಿರಬೇಕು, ಮುಂಗೈಯನ್ನು ಸುತ್ತುವ ಕಫ್ ಮೊಣಕೈಯ ಮಡಿಕೆಗಿಂತ ಎರಡು ಬೆರಳಿನಷ್ಟು ಕೆಳಗೆ ನಿಲ್ಲಬೇಕು. ಎತ್ತರ ಬದಲಿಸಲು ಕೊಳವೆಯಲ್ಲಿರುವ ತೂತುಗಳ ಲೆಕ್ಕದಲ್ಲಿ ಒಂದೇ ಒಂದು ತೂತಿನಷ್ಟು ಗಿಡ್ಡವಾಗಿದ್ದ ಕೋಲಿನಿಂದ ಮೂರು ವಾರ ಬೆನ್ನು ನೋಯಿಸಿಕೊಂಡ ನಾನು, ಅಂಗಡಿಯಲ್ಲಿ ಹತ್ತು ನಿಮಿಷ ಹೆಚ್ಚು ನಿಲ್ಲಿರೆಂದು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ.

ಹಿಡಿಕೆಯ ಬಗ್ಗೆ ಅಂಗಡಿಯವರು ಏನೂ ಹೇಳುವುದಿಲ್ಲ. ನನ್ನ ಮೊದಲ ಜೋಡಿಯದು ಸಣ್ಣ, ಗಟ್ಟಿ ಪ್ಲಾಸ್ಟಿಕ್ಕಿನದು. ಆರು ತಿಂಗಳಾಗುವಾಗ ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಬೆಳಿಗ್ಗೆ ಏಳುವಾಗಲೇ ಮರಗಟ್ಟಿರುತ್ತಿದ್ದವು. ಅಂಗೈಯ ಬುಡದಲ್ಲಿ ಹಾದುಹೋಗುವ ನರ ಒತ್ತಿದರೆ ಹೀಗಾಗುತ್ತದೆಯಂತೆ. ಅಂಗೈ ಪೂರ್ತಿ ಊರುವಂಥ ಅಗಲ ಹಿಡಿಕೆಯ ಜೋಡಿಗೆ ಬದಲಾಯಿಸಿದ ಮೇಲೆ ಅದು ಕ್ರಮೇಣ ಕಡಿಮೆಯಾಯಿತು. ಕಫ್‌ನ ಬಾಯಿ ಮುಂದಕ್ಕೆ ತೆರೆದಿರುವುದು ನನಗೆ ಹಿಡಿಸಿದೆ: ಬಸ್ಸಿನ ಕಂಬಿ ಹಿಡಿಯಲು ಕೈ ಬಿಟ್ಟರೂ ಕೋಲು ಮುಂಗೈಯಲ್ಲೇ ತೂಗಿಕೊಂಡಿರುತ್ತದೆ.

ಆದರೆ ನಮ್ಮ ಊರಿಗೆ ಬೇಕಾದ ಮುಖ್ಯ ಮಾತು ತುದಿಯ ರಬ್ಬರ್ ಬುಷ್‌ನದು. ಎರಡನೆಯ ವರ್ಷದ ಜುಲೈಯಲ್ಲಿ, ಪಾಚಿ ಹಿಡಿದ ಅಂಗಳದಲ್ಲಿ ಬಲಗೋಲು ಜಾರಿ ಬಿದ್ದು ಮಣಿಕಟ್ಟು ಉಳುಕಿತು. ಆಮೇಲೆ ಬುಷ್ ಬಿಚ್ಚಿ ನೋಡಿದರೆ, ಅಡಿಯ ಉಂಗುರದಂಥ ಗೆರೆಗಳು ಹೊರಬದಿಯಲ್ಲಿ ಸಂಪೂರ್ಣ ಮಾಸಿ ಕನ್ನಡಿಯಂತೆ ನುಣುಪಾಗಿದ್ದವು, ಒಳಬದಿಯಲ್ಲಿ ಮಾತ್ರ ಹೊಸದರಂತೆ ಉಳಿದಿದ್ದವು. ನೀರು ಹೊರಹೋಗಲು ದಾರಿಯೇ ಇರಲಿಲ್ಲ. ಮುರಕಲ್ಲಿನ ಮೆಟ್ಟಿಲು ಒರಟಾದ್ದರಿಂದ ಹಿಡಿತ ಕೊಡುತ್ತದೆ, ಆದರೆ ರಬ್ಬರನ್ನೂ ಬೇಗ ತಿನ್ನುತ್ತದೆ. ಈಗ ಪ್ರತಿ ಭಾನುವಾರ ತುದಿ ತಿರುಗಿಸಿ ನೋಡುತ್ತೇನೆ, ಮೇ ಕೊನೆಯಲ್ಲಿ ತಪ್ಪದೆ ಹೊಸದು ಹಾಕುತ್ತೇನೆ. ಕೊಳವೆಯ ದಪ್ಪಕ್ಕೆ ಸರಿಯಾದ ಬುಷ್ ಬೇಕಾದುದರಿಂದ ಹಳೆಯದನ್ನು ಅಂಗಡಿಗೆ ಒಯ್ಯಬೇಕು.

ಅಲ್ಯೂಮಿನಿಯಂ ಕೊಳವೆಗೆ ತುಕ್ಕಿಲ್ಲ. ಎತ್ತರ ಬದಲಿಸುವ ಗುಂಡಿಯ ಒಳಗಿನ ಸ್ಪ್ರಿಂಗಿಗೆ ಮಾತ್ರ ಎರಡನೆಯ ಮಳೆಗೇ ತುಕ್ಕು ಬಂತು. ಗುಂಡಿ ತೂತಿನಿಂದ ಪೂರ್ತಿ ಹೊರಗೆ ಬಂದಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡದೆ ಭಾರ ಹಾಕಬಾರದು.

ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು. ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು. ಒಂದೇ ಕೋಲು ಸಾಕಾಗುವ ದಿನ ಅದನ್ನು ನೋವಿಲ್ಲದ ಬದಿಯ ಕೈಯಲ್ಲಿ ಹಿಡಿಯಬೇಕೆಂಬುದನ್ನು ಎಷ್ಟೋ ಮಂದಿ ತಿಳಿದಿಲ್ಲ.

ಇನ್ನೂ ಬಗೆಹರಿಯದಿದ್ದದ್ದು ಕೊಡೆಯ ಸಮಸ್ಯೆ. ಎರಡೂ ಕೈಯಲ್ಲಿ ಕೋಲಿರುವವನಿಗೆ ಕೊಡೆ ಹಿಡಿಯಲಾಗದು, ಮಳೆಯಂಗಿಯ ತೋಳು ಕಫ್‌ನೊಳಗೆ ಮುದುಡಿ ಕೈ ಜಾರಿಸುತ್ತದೆ. ಕೊನೆಗೆ ಪೇಟೆಯ ದರ್ಜಿಯೊಬ್ಬರು ಮಳೆಯಂಗಿಯ ತೋಳುಗಳನ್ನು ಮೊಣಕೈಯ ಮೇಲಕ್ಕೆ ಕತ್ತರಿಸಿ ಅಂಚು ಹೊಲಿದುಕೊಟ್ಟರು. ಮುಂಗೈ ನೆನೆಯುತ್ತದೆ, ಹಿಡಿತ ತಪ್ಪುವುದಿಲ್ಲ. ಕಳೆದ ಮಳೆಗಾಲವಿಡೀ ಅದನ್ನೇ ತೊಟ್ಟು ಬಸ್ ನಿಲ್ದಾಣದವರೆಗೆ ನಡೆದಿದ್ದೇನೆ.