ವರ್ಡ್ ಫೈಂಡರ್: ಹುಡುಕಾಟಕ್ಕೆ ಪೂರ್ತಿ ಅಂಕ, ಅರ್ಥಕ್ಕೆ ಅರ್ಧ

ಐದಕ್ಷರದ ಪದ ಬೇಕು, ಕ್ಯೂ ಇರಬೇಕು, ಯು ಇರಬಾರದು. ಹೀಗೆ ಕೇಳಿದರೆ ಫಕೀರ್, ತಲಾಕ್, ನಿಕಾಬ್, ಕನಾತ್, ಟ್ರಾಂಕ್ ಎಂದು ಇಂಗ್ಲಿಷ್ ಪದಗಳ ಸಾಲನ್ನು ಅರ್ಥಸಮೇತ ತಂದಿಡುವುದು ವರ್ಡ್ ಫೈಂಡರ್ ತಾಣಗಳ ಕೆಲಸ. ಅಕ್ಷರದ ಬಿಲ್ಲೆಗಳನ್ನು ಫಲಕದಲ್ಲಿ ಜೋಡಿಸುವ ಸ್ಕ್ರ್ಯಾಬಲ್, ಐದಕ್ಷರದ ಗುಪ್ತಪದ ಊಹಿಸುವ ವರ್ಡಲ್, ಪದಬಂಧ ಮೂರಕ್ಕೂ ವರ್ಷಗಟ್ಟಲೆ ಬಳಸಿದ ಮೇಲೆ ಹೇಳುವುದಾದರೆ, ಅಕ್ಷರ ಹೊಂದಿಸುವುದರಲ್ಲಿ ಇವು ತಪ್ಪುವುದು ಕಡಿಮೆ. ಎಡವುವುದು ಒಳಗಿರುವ ಪದಪಟ್ಟಿಯಲ್ಲಿ ಮತ್ತು ಪದದ ಪಕ್ಕದ ಅರ್ಥದಲ್ಲಿ.

ಮೊದಲು ಪಟ್ಟಿ. ಇಂಗ್ಲಿಷ್ ಸ್ಕ್ರ್ಯಾಬಲ್‌ಗೆ ಎಲ್ಲೆಡೆಗೂ ಒಂದೇ ಪಟ್ಟಿ ಅಂತ ಇಲ್ಲ. ಉತ್ತರ ಅಮೆರಿಕದಲ್ಲಿ ಎನ್‌ಡಬ್ಲ್ಯುಎಲ್, ಉಳಿದ ಬಹುತೇಕ ಕಡೆ ಕಾಲಿನ್ಸ್. 2018ರ ಅಮೆರಿಕನ್ ಪಟ್ಟಿಯಲ್ಲಿ ಎರಡಕ್ಷರದ ಪದಗಳು 107, 2019ರ ಕಾಲಿನ್ಸ್‌ನಲ್ಲಿ 127. ಝಡ್-ಓ, ಸಿ-ಎಚ್ ಕಾಲಿನ್ಸ್‌ನಲ್ಲಿ ಸಲ್ಲುತ್ತವೆ, ಅಮೆರಿಕನ್ ಪಟ್ಟಿಯಲ್ಲಿ ಇಲ್ಲ. ‘ಎಲ್ಲ ನಿಘಂಟುಗಳು’ ಎಂಬ ಆಯ್ಕೆಯನ್ನು ಹಾಗೇ ಬಿಟ್ಟು ಹುಡುಕಿದರೆ ಎರಡೂ ಬೆರೆತು ಬರುತ್ತವೆ. ಪದ ಪಟ್ಟಿಯಲ್ಲಿಲ್ಲವೆಂದು ಎದುರಾಳಿ ಚಾಲೆಂಜ್ ಮಾಡಿದಾಗ ಪದ ಬಿದ್ದುಹೋಗುವುದು ಇದರಿಂದಲೇ.

ಪಟ್ಟಿ ಎಷ್ಟು ಹಳೆಯದು ಎಂದು ತಿಳಿಯಲು ಮೂರು ಪದ ಸಾಕು. ಕ್ಯೂ-ಐ ಮತ್ತು ಝಡ್-ಎ ಅಮೆರಿಕನ್ ಪಟ್ಟಿಗೆ ಸೇರಿದ್ದು 2006ರಲ್ಲಿ, ಓ-ಕೆ ಸೇರಿದ್ದು 2018ರಲ್ಲಿ. ಮೂರೂ ಸಿಗದಿದ್ದರೆ ಹಿಂದೆ ಇರುವುದು ಬಹುಶಃ ಎನೇಬಲ್ ಎಂಬ ಉಚಿತ ಪಟ್ಟಿ, ಸುಮಾರು 1.73 ಲಕ್ಷ ಪದಗಳದ್ದು. ಪ್ರೋಗ್ರಾಂ ಬರೆದು ಕಲಿಯಲು ಅದು ಚೆನ್ನಾಗಿದೆ, ಆಟಕ್ಕಲ್ಲ. 10 ಅಂಕದ ಕ್ಯೂ ಕೈಯಲ್ಲಿದ್ದು ಯು ಸಿಗದಾಗ ಕ್ಯೂ-ಐ ಗೊತ್ತಿಲ್ಲದಿದ್ದರೆ, ಆಟ ಮುಗಿದಾಗ ಆ ಹತ್ತೂ ನಮ್ಮ ಲೆಕ್ಕದಿಂದ ಕಳೆಯುತ್ತದೆ.

ಪದಬಂಧದವರಿಗೆ ಇನ್ನೊಂದು ತೊಡಕು. ಸ್ಕ್ರ್ಯಾಬಲ್ ಫಲಕ 15 ಮನೆಗಳ ಅಗಲ, ಹಾಗಾಗಿ ಅದರ ಪಟ್ಟಿಯೂ 15 ಅಕ್ಷರಕ್ಕೆ ನಿಲ್ಲುತ್ತದೆ. ಅಂಕಿತನಾಮ, ಎರಡು ಪದದ ನುಡಿಗಟ್ಟು ಅಲ್ಲಿ ಇರುವುದೇ ಇಲ್ಲ.

ಹೊಸಬರು ಹೆಚ್ಚು ತಡಕಾಡುವುದು ಹುಡುಕುವ ಬಗೆಯಲ್ಲಿ. ‘ಈ ಅಕ್ಷರಗಳು ಇರುವ ಪದ’ ಬೇರೆ, ‘ಈ ಅಕ್ಷರಗಳಿಂದಷ್ಟೇ ಆಗುವ ಪದ’ ಬೇರೆ. ಮೊದಲನೆಯದರಲ್ಲಿ ಹೊರಗಿನ ಅಕ್ಷರಗಳೂ ಸೇರುತ್ತವೆ, ಎರಡನೆಯದರಲ್ಲಿ ಇಲ್ಲ. ಪ್ರಶ್ನಾರ್ಥಕ ಚಿಹ್ನೆಯೂ ಹಾಗೆಯೇ: ಪ್ಯಾಟರ್ನ್ ಜಾಗದಲ್ಲಿ ಹಾಕಿದರೆ ಗೊತ್ತಿಲ್ಲದ ಒಂದು ಅಕ್ಷರ, ಕೈಯಲ್ಲಿರುವ ಅಕ್ಷರಗಳ ಜಾಗದಲ್ಲಿ ಹಾಕಿದರೆ ಖಾಲಿ ಬಿಲ್ಲೆ, ಅಂದರೆ ಯಾವ ಅಕ್ಷರವಾಗಿಯೂ ಆಡಬಹುದಾದದ್ದು.

ಯಾವ ತಾಣವನ್ನಾದರೂ ನಂಬುವ ಮೊದಲು ‘ಇರುವ ಪದ’ ವಿಭಾಗದಲ್ಲಿ ಎರಡು ಝಡ್ ಹಾಕಿ, ಐದಕ್ಷರ ಎಂದು ಕೇಳಿ ನೋಡಿ. ಜಾಝಿ, ಫಝಿ, ಡಿಝಿ ಬಂದರೆ ಸರಿ. ಜೀಬ್ರಾ ಬಂದರೆ ಆ ಪ್ರೋಗ್ರಾಂ ಪುನರಾವರ್ತನೆಯನ್ನು ಎಣಿಸುತ್ತಿಲ್ಲ. ಎರಡು ಝಡ್ ಕೊಟ್ಟರೂ ಒಂದೇ ಎಂದುಕೊಳ್ಳುತ್ತದೆ. ಪಿಝಾಝ್ ಪದವನ್ನು ಆಡಬಹುದೆಂದು ತೋರಿಸಿದರಂತೂ ಅದಕ್ಕೆ ಬಿಲ್ಲೆಗಳ ಲೆಕ್ಕವೇ ಗೊತ್ತಿಲ್ಲ. ಆ ಪದಕ್ಕೆ ನಾಲ್ಕು ಝಡ್ ಬೇಕು. ಚೀಲದಲ್ಲಿರುವುದು ಒಂದು, ಜೊತೆಗೆ ಎರಡು ಖಾಲಿ ಬಿಲ್ಲೆ. ಸ್ವರವಿಲ್ಲದ ಪದಗಳ ಫಿಲ್ಟರ್‌ನಲ್ಲೂ ವೈ ಸ್ವರವೋ ಅಲ್ಲವೋ ನೋಡಿಕೊಳ್ಳಬೇಕು. ಸ್ವರ ಎಂದಾದರೆ ರಿದಮ್, ನಿಂಫ್ ಮಾಯವಾಗಿ, ವೇಲ್ಸ್‌ನ ತಂತಿವಾದ್ಯ ಕ್ರೂತ್‌ನಂಥವು ಮಾತ್ರ ಉಳಿಯುತ್ತವೆ.

ವರ್ಡಲ್‌ಗೆ ಇವು ಅರೆಬರೆ ಸಹಾಯ. ಮೂಲ ಆಟದಲ್ಲಿ ಉತ್ತರವಾಗಬಲ್ಲ ಪದಗಳು 2,315. ಊಹೆಯಾಗಿ ಮಾತ್ರ ಒಪ್ಪುವಂಥವು ಇನ್ನೂ ಹತ್ತು ಸಾವಿರದ ಮೇಲೆ. ಫೈಂಡರ್‌ಗೆ ಈ ಭೇದವಿಲ್ಲ. ಐ-ಜಿ-ಎಚ್-ಟಿ ಬಾಲದ ಪದ ಕೇಳಿದರೆ ಫೈಟ್, ಲೈಟ್, ಮೈಟ್, ಸೈಟ್, ನೈಟ್, ರೈಟ್, ಟೈಟ್‌ಗಳ ನಡುವೆ ಹಗ್ಗದ ಸುತ್ತು ಎಂಬರ್ಥದ ಬೈಟ್ ಕೂಡ ಸಮಾನ ಗೌರವದಿಂದ ಕೂತಿರುತ್ತದೆ. ಬಳಕೆಯ ಪ್ರಮಾಣದಂತೆ ವಿಂಗಡಿಸುವ ಸೌಲಭ್ಯ ಇರುವ ತಾಣವೇ ಇಲ್ಲಿ ಮೇಲು. ಈ ಬಾಲ ಸಿಕ್ಕಿಬಿಟ್ಟರೆ ಒಂದೊಂದೇ ಪದ ಹಾಕುತ್ತ ಹೋಗಬೇಡಿ, ಆರು ಅವಕಾಶ ಸಾಲುವುದಿಲ್ಲ. ಫಿಲ್ಮ್ಸ್ ಎಂದು ಹಾಕಿದರೆ ಎಫ್, ಎಲ್, ಎಂ, ಎಸ್ ನಾಲ್ಕೂ ಒಂದೇ ಏಟಿಗೆ ಪರೀಕ್ಷೆಯಾಗುತ್ತವೆ. ಸಿಕ್ಕ ಅಕ್ಷರಗಳನ್ನು ಮುಂದಿನ ಊಹೆಯಲ್ಲೂ ಬಳಸಲೇಬೇಕಾದ ಹಾರ್ಡ್ ಮೋಡ್‌ನಲ್ಲಿ ಮಾತ್ರ ಈ ಉಪಾಯ ನಡೆಯದು.

ಇನ್ನು ಅರ್ಥ. ಅನೇಕ ತಾಣಗಳು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವರ್ಡ್‌ನೆಟ್ ಎಂಬ ಪದಕೋಶದಿಂದ ಅರ್ಥ ಎತ್ತಿಕೊಳ್ಳುತ್ತವೆ. ಅದರಲ್ಲಿರುವುದು ನಾಮಪದ, ಕ್ರಿಯಾಪದ, ವಿಶೇಷಣ, ಕ್ರಿಯಾವಿಶೇಷಣ ಮಾತ್ರ. ಆದ್ದರಿಂದ ಅಮಾಂಗ್, ಅಂಟಿಲ್‌ನಂಥ ದಿನಬಳಕೆಯ ಪದದ ಪಕ್ಕ ‘ಅರ್ಥ ಲಭ್ಯವಿಲ್ಲ’ ಎಂದಿರುತ್ತದೆ, ಎಷ್ಟೋ ಅಪರೂಪದ ಪದಕ್ಕೆ ಅರ್ಥ ಸಿಕ್ಕರೂ. ಇದಕ್ಕಿಂತ ಕೆಟ್ಟದ್ದು ಮೂಲರೂಪಕ್ಕೆ ಇಳಿಸುವ ಅಭ್ಯಾಸ. ಫೌಂಡ್ ಕಂಡ ಕೂಡಲೇ ಫೈಂಡ್‌ನ ಭೂತಕಾಲ ಎಂದು ಮುಗಿಸಿಬಿಡುತ್ತದೆ. ಸ್ಥಾಪಿಸು ಎಂಬ ಅರ್ಥ ಬಿಟ್ಟುಹೋಗುತ್ತದೆ. ಲೀವ್ಸ್ ಎಂದರೆ ಎಲೆಗಳು ಎನ್ನುತ್ತದೆ, ಹೊರಡುತ್ತಾನೆ ಎನ್ನುವುದಿಲ್ಲ. ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಿಘಂಟು ವಿಕ್ಷನರಿಯಿಂದ ಎತ್ತುವ ತಾಣಗಳಲ್ಲಿ ಇಂಥ ಖಾಲಿ ಜಾಗ ಕಡಿಮೆ, ಆದರೆ ಎಂದೋ ಬಳಕೆ ತಪ್ಪಿದ ಅರ್ಥವೂ ಜೊತೆಗೆ ಬರುತ್ತದೆ. ಶಬ್ದಸಂಪತ್ತು ಬೆಳೆಸಿಕೊಳ್ಳಲು ಬಳಸುವವರು ಪದವನ್ನು ಇಲ್ಲಿ ಹುಡುಕಿ, ಅರ್ಥವನ್ನು ಬೇರೆ ನಿಘಂಟಿನಲ್ಲಿ ನೋಡುವುದೇ ಕ್ಷೇಮ. ಉಚ್ಚಾರಣೆಯಂತೂ ಸಿಗುವುದು ಅಪರೂಪ. ಕ್ಯೂ-ಐ ಅನ್ನು ‘ಚೀ’ ಎನ್ನಬೇಕೆಂದು ಎಷ್ಟೋ ಆಟಗಾರರಿಗೇ ಗೊತ್ತಿಲ್ಲ.

ಜಾಹೀರಾತಿನ ಕಾಟ ತಾಳದವರು ಪಟ್ಟಿಯ ಕಡತ ಇಳಿಸಿಕೊಂಡು ಗ್ರೆಪ್ ಎಂಬ ಪಠ್ಯ ಹುಡುಕುವ ಪ್ರೋಗ್ರಾಂನಲ್ಲಿ ಹುಡುಕಬಹುದು: ಸಾಲಿನ ಆರಂಭಕ್ಕೆ ^, ಗೊತ್ತಿಲ್ಲದ ಪ್ರತಿ ಅಕ್ಷರಕ್ಕೆ ಒಂದು ಚುಕ್ಕಿ, ಕೊನೆಗೆ $. ಸರಿಯಾಗಿಯೇ ಬರೆದರೂ ಒಂದು ಪದವೂ ಬಾರದಿದ್ದರೆ ಕಡತ ವಿಂಡೋಸ್ ಮಾದರಿಯದ್ದಿರಬೇಕು. ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಚಿಹ್ನೆ ಉಳಿದು $ ಹೊಂದಿಕೊಳ್ಳುವುದಿಲ್ಲ. ಆ ಚಿಹ್ನೆ ತೆಗೆಯುವ ಡಾಸ್-ಟು-ಯುನಿಕ್ಸ್ ಪ್ರೋಗ್ರಾಂ ಒಮ್ಮೆ ಓಡಿಸಿದರೆ ಸರಿಹೋಗುತ್ತದೆ.