ಲೈನ್ ತೆಗೆಸಬೇಕಾ, ಕರೆಂಟ್ ಇದ್ದಾಗಲೇ ಮಾಡಿಸಬೇಕಾ?

"ಸರ್, ಬೆಸ್ಕಾಂಗೆ ಹೇಳಿ ಲೈನ್ ತೆಗೆಸ್ತೀರಾ, ಇಲ್ಲ ಹಾಗೇ ಮಾಡಿಬಿಡಲಾ?" ವೈರಿಂಗ್ ಬದಲಿಸುವಾಗ ಎಲೆಕ್ಟ್ರಿಷಿಯನ್‌ನಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಲೈನ್ ತೆಗೆಸುವುದು ಎಂದರೆ ಕಂಬದಿಂದ ಮನೆಗೆ ಬರುವ ಕರೆಂಟನ್ನೇ ಕೆಲಸ ಮುಗಿಯುವ ತನಕ ನಿಲ್ಲಿಸುವುದು.

ರೂಮಿನ ಸ್ವಿಚ್, ಸಾಕೆಟ್ ಮಾತ್ರ ಆದರೆ ಎರಡೂ ಬೇಡ. ಮೇನ್ ಆಫ್ ಮಾಡಿ, ಟೆಸ್ಟ್ ಮಾಡಿ ನೋಡಿದರೆ ಆಯಿತು. ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಿಸಿ, ಸುಮಾರು ಜನ ಇದನ್ನು ಮರೆಯುತ್ತಾರೆ.

ಮೀಟರ್ ಬೋರ್ಡಿನ ಕೆಲಸ ಬೇರೆ. ಅಲ್ಲಿ ಮೇನ್ ಆಫ್ ಮಾಡಿದರೂ ಕಂಬದಿಂದ ಮೇನ್ ಸ್ವಿಚ್ ತನಕ 230 ವೋಲ್ಟ್ ಇದ್ದೇ ಇರುತ್ತದೆ, ಮನೆಯೊಳಗಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಆ ಭಾಗವನ್ನು ಕಾಯುವುದಿಲ್ಲ, ಕಂಬದ ಕಡೆಯ ಫ್ಯೂಸ್ ಹತ್ತಾರು ಆಂಪಿಯರ್ ಹರಿದ ಮೇಲೆ ಹಾರುವಂಥದ್ದು, ಆದರೆ ಮನುಷ್ಯನ ಜೀವ ಹೋಗಲು ಒಂದು ಆಂಪಿಯರ್‌ನ ಹತ್ತನೇ ಒಂದು ಭಾಗವೇ ಸಾಕು. ಕರೆಂಟ್ ಇದ್ದಾಗಲೇ ಮಾಡಿಸಿದರೆ ಬೆಸ್ಕಾಂ ಶುಲ್ಕ ಉಳಿಯುತ್ತದೆ, ಮಧ್ಯಾಹ್ನದೊಳಗೆ ಮುಗಿಯುತ್ತದೆ, ನಿಜ. ಆದರೆ ಕರೆಂಟಿಗೆ ಕೈ ಒಡ್ಡುವವರು ನಾವಲ್ಲ, ಎಲೆಕ್ಟ್ರಿಷಿಯನ್ ಅಲ್ವಾ?

ಲೈನ್ ತೆಗೆಸಿದರೆ ದುಡ್ಡು ಕಟ್ಟಬೇಕು, ಒಮ್ಮೆ ಬೆಸ್ಕಾಂನ ಸಬ್‌ಡಿವಿಷನ್ ಆಫೀಸಿಗೆ ಓಡಾಡಬೇಕಾಗಬಹುದು, ಅವರು ಬರುವ ಹೊತ್ತಿಗೆ ಕಾಯಬೇಕು. ಕರೆಂಟ್ ಇಲ್ಲದ ದಿನ ಮೋಟಾರ್ ಓಡುವುದಿಲ್ಲ, ಹಿಂದಿನ ರಾತ್ರಿಯೇ ಮೇಲಿನ ಟ್ಯಾಂಕ್ ತುಂಬಿಸಿಕೊಳ್ಳಿ. ನಾನು ಇದನ್ನೇ ಆರಿಸುತ್ತೇನೆ. ಎಷ್ಟಾಗುತ್ತದೆ ಎಂದು ಮೊದಲೇ ಬೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಕೇಳಿ, ಕೊಟೇಶನ್‌ನಲ್ಲೇ ಸೇರಿಸಿಬಿಡಿ.