ಲಂಟಾನದ ಆನೆ ಮತ್ತು ಲಂಟಾನದ ಕುರ್ಚಿ: ಒಂದು ವಿಮರ್ಶೆ

2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಿಂತಿದ್ದ, ಲಂಟಾನವೆಂಬ ಕಳೆಗಿಡದ ಕಾಂಡಗಳಿಂದ ಕಟ್ಟಿದ ಸುಮಾರು 60 ಆನೆಗಳನ್ನು ಬಹಳಷ್ಟು ಮಂದಿ ಒಂದು ಸುಂದರ ಪ್ರದರ್ಶನವೆಂದು ನೋಡಿದರು. ಅವು ಮಾರಾಟಕ್ಕೂ ಇರುವ ಕೃತಿಗಳೆಂಬುದು, ಅಂದರೆ ಬೆಲೆಕೊಟ್ಟು ಕೊಳ್ಳಬಹುದಾದ, ಆದ್ದರಿಂದ ಗುಣಮಟ್ಟವನ್ನು ಪ್ರಶ್ನಿಸಬಹುದಾದ ವಸ್ತುಗಳೆಂಬುದು ಕೆಲವರಿಗಷ್ಟೇ ತಿಳಿದಿದ್ದಿರಬೇಕು. ಕಲಾವಿದರೂ ವಿಜ್ಞಾನಿಗಳೂ ಜೊತೆಗೂಡಿ ಪರಿಸರಕ್ಕಾಗಿ ಮಾಡುವ ಕೆಲಸಗಳನ್ನು ನಾವು ಸಾಮಾನ್ಯವಾಗಿ ಅವುಗಳ ಸದುದ್ದೇಶಕ್ಕಾಗಿಯೇ ಹೊಗಳಿ ಸುಮ್ಮನಾಗುತ್ತೇವೆ. ಇಲ್ಲಿ ಹಾಗೆ ಮಾಡದೆ, ವಸ್ತುವನ್ನು ವಸ್ತುವಾಗಿಯೇ ನೋಡಲು ಬಯಸುತ್ತೇನೆ.

ಈ ಆನೆಗಳ ಹಿಂದಿರುವುದು ನೀಲಗಿರಿಯ ಗೂಡಲೂರಿನ ‘ದಿ ರಿಯಲ್ ಎಲಿಫೆಂಟ್ ಕಲೆಕ್ಟಿವ್’. ಆನೆ ಮತ್ತು ಮನುಷ್ಯರ ಸಹಬಾಳ್ವೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿರುವ ತರ್ಷ್ ತೇಕೇಕರ, ವಿನ್ಯಾಸದ ಹೊಣೆ ಹೊತ್ತ ಕಲಾವಿದೆ ಶುಭ್ರಾ ನಾಯರ್, ಮತ್ತು ಬೆಟ್ಟ ಕುರುಂಬ, ಪಣಿಯ, ಕಾಟ್ಟುನಾಯಕನ್, ಸೋಲಿಗ ಆದಿವಾಸಿ ಸಮುದಾಯಗಳ ಸುಮಾರು 200 ಕುಶಲಕರ್ಮಿಗಳು ಸೇರಿ ಕಟ್ಟಿದ ಕೆಲಸವಿದು. ಬಂಡೀಪುರದ ಆಚೆ ಬದಿಗೆ, ವಯನಾಡಿಗೆ ಅಂಟಿಕೊಂಡಂತಿರುವ ಗೂಡಲೂರಿನಲ್ಲಿ ಚಹಾ ತೋಟ, ಕಾಡು, ಊರು ಒಂದರೊಳಗೊಂದು ಹೆಣೆದುಕೊಂಡಿವೆ. ಅಲ್ಲಿಯ ಆನೆಗಳನ್ನು ಕಿವಿಯ ಹರಕು, ದಂತದ ಬಾಗು, ಬಾಲದ ಉದ್ದ, ಬೆನ್ನಿನ ಏರಿಳಿತಗಳ ಮೂಲಕ ಒಂದೊಂದಾಗಿ ಗುರುತಿಸಿ ದಾಖಲಿಸಿದ್ದಾರೆ. ಪ್ರತಿಯೊಂದು ಶಿಲ್ಪಕ್ಕೂ ಹೀಗೆ ಗುರುತಿಸಲ್ಪಟ್ಟ ಒಂದು ನಿಜವಾದ ಆನೆಯೇ ಮಾದರಿ.

ಇದು ಪ್ರಚಾರಕ್ಕೆ ಹೇಳುವ ಮಾತಲ್ಲವೆಂಬುದು ಹತ್ತಿರ ಹೋಗಿ ನೋಡಿದರೆ ತಿಳಿಯುತ್ತದೆ. ನಮ್ಮ ಸಾರ್ವಜನಿಕ ಉದ್ಯಾನಗಳಲ್ಲಿ, ವೃತ್ತಗಳಲ್ಲಿ ನಿಲ್ಲಿಸುವ ಸಿಮೆಂಟಿನ ಆನೆಗಳು ಎಲ್ಲವೂ ಒಂದೇ ಅಚ್ಚಿನವು: ಸಮನಾದ ಎರಡು ದಂತ, ಎತ್ತಿದ ಸೊಂಡಿಲು. ಲಂಟಾನದ ಹಿಂಡಿನಲ್ಲಿ ದಂತವಿಲ್ಲದ ಹೆಣ್ಣಾನೆಗಳು ಹೆಚ್ಚು, ಮರಿಗಳು ಬಹಳ, ದಂತದ ಸಲಗಗಳು ಕಡಿಮೆ. ಕಾಡಿನಲ್ಲಿ ತಾಯಂದಿರ ಹಿಂಡು ಇರುವುದೂ ಹಾಗೆಯೇ. ಹೆಣ್ಣಾನೆಯ ಬೆನ್ನು ಮತ್ತು ನೆತ್ತಿ ಸಲಗದವುಗಳಿಗಿಂತ ಬೇರೆಯಾಗಿವೆ, ಮರಿ ತಾಯಿಯ ಹೊಟ್ಟೆಯ ಪಕ್ಕಕ್ಕೆ ಒತ್ತಿಕೊಂಡಿದೆ, ತೂಕವೆಲ್ಲ ಒಂದು ಕಾಲಿನಿಂದ ಮತ್ತೊಂದಕ್ಕೆ ಸರಿಯುವ ಕ್ಷಣದಲ್ಲಿ ನಡಿಗೆ ನಿಂತಿದೆ. ಇದನ್ನು ಬರೀ ಛಾಯಾಚಿತ್ರ ನೋಡಿಕೊಂಡು ಮಾಡಲಾಗದು. ಆನೆಯನ್ನು ಅಳೆದವರ ತಿಳಿವಳಿಕೆ ಮತ್ತು ಆನೆಯ ದಾರಿಯಲ್ಲೇ ಬದುಕುವವರ ತಿಳಿವಳಿಕೆ ಒಂದೇ ದೇಹದಲ್ಲಿ ಸೇರಿರುವುದರಿಂದ ಮಾತ್ರ ಇದು ಸಾಧ್ಯವಾಗಿದೆ, ಮತ್ತು ಈ ಕೃತಿಗಳ ಅತಿ ದೊಡ್ಡ ಗುಣ ಇದೇ ಎಂದು ನನ್ನ ನಿರ್ಣಯ.

ಕಚ್ಚಾವಸ್ತುವಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಅಮೆರಿಕದ ಉಷ್ಣವಲಯದ ಲಂಟಾನವನ್ನು 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಅಲಂಕಾರದ ಗಿಡವಾಗಿ ಭಾರತಕ್ಕೆ ತಂದರು. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಎಲ್ಲೆಡೆ ಹರಡಿದವು. ದನಕರುಗಳಿಗೆ ಅದರ ಎಲೆ ವಿಷವಾದ್ದರಿಂದ ಮೇದು ತಡೆಯುವವರೂ ಇಲ್ಲವಾದರು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ದೇಶದ ಅರಣ್ಯದಲ್ಲಿ 1.5 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು ಪ್ರದೇಶದಲ್ಲಿ ಲಂಟಾನ ಆವರಿಸಿದೆಯೆಂದು ಅಂದಾಜಿಸಿತು. ನಮ್ಮ ಬಿಳಿಗಿರಿರಂಗನ ಬೆಟ್ಟದ ಕತೆ ಇನ್ನೂ ಸ್ಪಷ್ಟವಾಗಿದೆ: ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ ಅವರ ಅಧ್ಯಯನದಂತೆ, 1997ರಲ್ಲಿ ಸಮೀಕ್ಷೆಯ ತಾಕುಗಳಲ್ಲಿ ಶೇ 41ರಷ್ಟರಲ್ಲಿ ಇದ್ದ ಲಂಟಾನ 2008ರ ವೇಳೆಗೆ ಶೇ 81ರಷ್ಟರಲ್ಲಿ ಕಂಡುಬಂದಿತು. ಹಿಂದೆ ತಾವು ಹಚ್ಚುತ್ತಿದ್ದ ತರಗು ಬೆಂಕಿ ನೆಲಮಟ್ಟದಲ್ಲೇ ಉರಿದು ಆರುತ್ತಿತ್ತು, ಅದನ್ನು ನಿಷೇಧಿಸಿದ ಮೇಲೆಯೇ ಈ ಗಿಡ ಹಬ್ಬಿತು ಎಂದು ಸೋಲಿಗರು ಹೇಳುತ್ತಾ ಬಂದಿದ್ದಾರೆ. ಅವರ ಈ ಮಾತನ್ನು ವಿಜ್ಞಾನಿಗಳು ಗಂಭೀರವಾಗಿ ಪರಿಗಣಿಸಲು ತಡಮಾಡಿದರು ಎಂಬುದನ್ನು ಇಲ್ಲಿ ಹೇಳದೆ ಇರಲಾರೆ. ಲಂಟಾನ ಬೆಳೆದಲ್ಲಿ ಹುಲ್ಲು ಕ್ಷೀಣಿಸುತ್ತದೆ, ಹುಲ್ಲು ಕ್ಷೀಣಿಸಿದಲ್ಲಿ ಆನೆಗೆ ಮೇವು ಕಡಿಮೆಯಾಗುತ್ತದೆ. ಆನೆಯ ಮೇವನ್ನು ಕಸಿದ ಗಿಡದಿಂದಲೇ ಆನೆಯ ದೇಹವನ್ನು ಕಟ್ಟಿರುವುದರಲ್ಲಿ ಅರ್ಥ ಹುಡುಕುವ ಶ್ರಮ ನೋಡುಗರಿಗೆ ಬೇಕಾಗಿಲ್ಲ. ವಸ್ತುವೇ ಅದನ್ನು ಹೇಳುತ್ತದೆ.

ತಯಾರಿಕೆಯ ಕ್ರಮ ಸರಳವಾಗಿ ಕಂಡರೂ ಶ್ರಮದ್ದು. ಕೊಯ್ದ ಕಾಂಡಗಳನ್ನು ದೊಡ್ಡ ಹಂಡೆಗಳಲ್ಲಿ ನೀರಿನೊಡನೆ ಕುದಿಸಿ, ಸಿಪ್ಪೆ ಸುಲಿದು, ಬಿಸಿ ಆರುವ ಮೊದಲೇ ಬೇಕಾದ ಆಕಾರಕ್ಕೆ ಬಗ್ಗಿಸಬೇಕು. ಆನೆಗಾದರೆ ಮೊದಲು ಕಬ್ಬಿಣದ ಸರಳುಗಳ ಚೌಕಟ್ಟು ನಿಲ್ಲುತ್ತದೆ, ಅದರ ಮೇಲೆ ಕಡ್ಡಿಗಳನ್ನು ಒಂದರ ಪಕ್ಕ ಒಂದರಂತೆ ಸುತ್ತಿ ಬಿಗಿಯಲಾಗುತ್ತದೆ. ಕಡ್ಡಿಗಳು ಸಾಗುವ ದಿಕ್ಕೇ ಚರ್ಮದ ಸುಕ್ಕು ಮತ್ತು ಸ್ನಾಯುವಿನ ಎಳೆತವನ್ನು ಕಾಣಿಸುತ್ತದೆ. ಸೊಂಡಿಲಿನ ಬುಡದಲ್ಲಿ ಕಡ್ಡಿಗಳು ತಿರುಗುವ ರೀತಿಯನ್ನು ನೋಡಿದರೆ ಕಟ್ಟಿದವರ ಕೈಯ ವಿಶ್ವಾಸ ಗೊತ್ತಾಗುತ್ತದೆ.

ಇನ್ನು ಹೊಗಳಿಕೆಗೆ ಮಿತಿ ಹಾಕಬೇಕಾದ ಜಾಗ. ಲಂಟಾನದ ಕೃತಿಗಳನ್ನು ಕೊಳ್ಳುವುದರಿಂದ ಕಾಡು ಲಂಟಾನದಿಂದ ಮುಕ್ತವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬಾರದು. ಕುಶಲಕರ್ಮಿಗೆ ಬೇಕಾದುದು ನೇರವಾದ, ಸರಿಯಾದ ದಪ್ಪದ ಕಾಂಡ ಮಾತ್ರ; ಹಾಗೆ ಕೊಯ್ದ ಬುಡ ಮತ್ತೆ ಚಿಗುರುತ್ತದೆ. ಗಿಡವನ್ನು ನಿಜವಾಗಿ ತೆಗೆಯಬೇಕಾದರೆ ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಅವರು ರೂಪಿಸಿದ ವಿಧಾನದಂತೆ, ಚಿಗುರುವ ಭಾಗದ ಕೆಳಗೆ ತಾಯಿಬೇರನ್ನು ಕತ್ತರಿಸಿ, ಗಿಡವನ್ನು ತಲೆಕೆಳಗು ಮಾಡಿ ಒಣಗಲು ಬಿಡಬೇಕು. ಆಮೇಲೆ ಹಲವು ವರ್ಷ ಬೀಜದ ಸಸಿಗಳನ್ನು ಕೀಳುತ್ತಿರಬೇಕು. ಒಂದೂವರೆ ಲಕ್ಷ ಚದರ ಕಿಲೋಮೀಟರಿನ ಮುಂದೆ ನೂರು ಆನೆಗಳು ಎತ್ತಿಕೊಳ್ಳುವ ಲಂಟಾನ ಲೆಕ್ಕಕ್ಕೆ ಬರುವಂಥದ್ದಲ್ಲ. ಆದ್ದರಿಂದ ಈ ಸಹಯೋಗವನ್ನು ಅಳೆಯಬೇಕಾದುದು ತೆರವಾದ ಕಾಡಿನಿಂದಲ್ಲ, ಕಾಡಂಚಿನ ಮನೆಗಳಿಗೆ ದೊರೆತ ಕೂಲಿಯಿಂದ ಮತ್ತು ನಗರದವರ ಕಣ್ಣಲ್ಲಿ ಆನೆಗೆ ದೊರೆತ ಮುಖದಿಂದ.

ಬೆಲೆಯ ವಿಷಯದಲ್ಲಿ ನನಗೆ ಮಿಶ್ರ ಭಾವನೆಯಿದೆ. 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತ ಈ ಹಿಂಡು, 2024ರ ಜುಲೈಯಿಂದ ಅಮೆರಿಕದಲ್ಲಿ ನ್ಯೂಪೋರ್ಟ್, ನ್ಯೂಯಾರ್ಕ್, ಮಯಾಮಿ ಎಂದು ಊರೂರು ಸುತ್ತಿದಾಗ ಮರಿಯೊಂದಕ್ಕೆ 8,000 ಡಾಲರಿನಿಂದ ದಂತದ ಸಲಗಕ್ಕೆ 22,000 ಡಾಲರಿನವರೆಗೆ ಬೆಲೆಯಿತ್ತು. ಹಣ ಸಹಬಾಳ್ವೆಯ ಯೋಜನೆಗಳಿಗೆ ಹೋಗುತ್ತದೆಂಬುದು ಸಮಾಧಾನ. ತಿಂಗಳುಗಟ್ಟಲೆ ನಡೆಯುವ ಕೈಕೆಲಸಕ್ಕೆ ಇದು ಹೆಚ್ಚೇನೂ ಅಲ್ಲ. ಆದರೆ ಆನೆ ಗದ್ದೆಗೆ ನುಗ್ಗುವ ಹಾಸನ, ಕೊಡಗು, ಚಾಮರಾಜನಗರದ ತಾಲ್ಲೂಕು ಕೇಂದ್ರಗಳಲ್ಲಿ ಈ ಹಿಂಡಿನ ಒಂದೆರಡು ಆನೆಗಳಾದರೂ ಶಾಶ್ವತವಾಗಿ ನಿಲ್ಲಬೇಕೆಂಬುದು ನನ್ನ ಬಲವಾದ ಆಸೆ. ಸಹಬಾಳ್ವೆಯ ಮಾತು ನಡೆಯಬೇಕಾದುದು ಅಲ್ಲಿ.

ನಮ್ಮಂಥವರು ಮನೆಗೆ ತರಬಹುದಾದುದು ಕುರ್ಚಿ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ವಿಜ್ಞಾನಿಗಳು 2004ರ ಸುಮಾರಿಗೆ ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರಿಗೆ ಲಂಟಾನದ ಪೀಠೋಪಕರಣ ತಯಾರಿಸುವ ತರಬೇತಿ ಆರಂಭಿಸಿದರು. ಬಿದಿರು ಮತ್ತು ಬೆತ್ತ ಸಿಗುವುದು ಕಷ್ಟವಾದಾಗ ಲಂಟಾನ ಆ ಜಾಗಕ್ಕೆ ಬಂದಿತು. ಈ ಬಗೆಯ ಕುರ್ಚಿ ಬೆತ್ತದ್ದಕ್ಕಿಂತ ತೂಕವಾಗಿದ್ದು ನೆಲದ ಮೇಲೆ ಗಟ್ಟಿಯಾಗಿ ಕೂರುತ್ತದೆ, ಗಂಟುಗಳು ಎದ್ದು ಕಾಣುತ್ತವೆ, ಮತ್ತು ಗೆದ್ದಲು ಹಾಗೂ ಕೊರೆಯುವ ಹುಳುಗಳು ಲಂಟಾನವನ್ನು ಸುಲಭವಾಗಿ ಮುಟ್ಟುವುದಿಲ್ಲವೆಂಬುದು ಮಲೆನಾಡಿನ ಮನೆಗಳಿಗೆ ದೊಡ್ಡ ಅನುಕೂಲ. ನುಣುಪು ಬಯಸುವವರಿಗೆ ಇದು ಹಿಡಿಸಲಾರದು. ಕೊಳ್ಳುವಾಗ ಕೈಹಿಡಿಯ ಬಾಗಿನ ಒಳಬದಿಯಲ್ಲಿ ಕಾಂಡ ಸೀಳಿಲ್ಲವೆಂದೂ, ಮೊಳೆಯ ತಲೆಗಳು ಒಳಗೆ ಕೂತಿವೆಯೆಂದೂ ನೋಡಿಕೊಳ್ಳಿ. ಜಗಲಿಯಲ್ಲಿಟ್ಟರೂ ಮಳೆಯ ಎರಚಲಿನಿಂದ ದೂರವಿಡಿ, ಮೆರುಗು ಮಾಸಿದಾಗ ಮತ್ತೊಮ್ಮೆ ವಾರ್ನಿಷ್ ಬಳಿಸಿ. ಸಾಧ್ಯವಿದ್ದರೆ ಬೆಟ್ಟಕ್ಕೇ ಹೋಗಿ, ಮಾಡಿದವರಲ್ಲೇ ಮಾತನಾಡಿ, ನಿಮ್ಮ ಅಳತೆ ಹೇಳಿ ಮಾಡಿಸಿಕೊಳ್ಳಿ.